ವಿವಾಹ ವಾರ್ಷಿಕೋತ್ಸವಕ್ಕೆ ಯಾವ ಕೋಟೆ?

ವಿವಾಹವಾಗಿ 25 ಅಥವಾ 50 ವರ್ಷ ತುಂಬಿದಾಗ ಕೃತಜ್ಞತಾ ಬಲಿಪೂಜೆ, ಬಂಧುಬಳಗಕ್ಕೆ ಊಟ, ದಂಪತಿಗಳ ಕೊರಳಿಗೊಂದು ಹಾರ, ಇಷ್ಟಕ್ಕೇ ಮುಗಿಯುತ್ತಿದ್ದ ಆಚರಣೆಗೆ ಈಗ ಪ್ರವಾಸವೂ ಸೇರಿಕೊಂಡಿದೆ. ಇದನ್ನು ಆಡಂಬರವೆಂದು ಜರೆಯುವವರ ಪಂಕ್ತಿಗೆ ನಾವು ಸೇರಲಾರೆವು. ದಾಂಡೇಲಿಯ ಕಾಗದ ಕಾರ್ಖಾನೆಯ ಪಾಳಿಯಲ್ಲೋ ಹಳಿಯಾಳ, ಮುಂಡಗೋಡಗಳ ಗದ್ದೆಯಲ್ಲೋ ಆಯುಷ್ಯ ಸವೆಸಿದ ಎಷ್ಟೋ ದಂಪತಿಗಳು ಒಟ್ಟಿಗೆ ಹೊರಟ ಪ್ರಯಾಣವೆಂದರೆ ಆಸ್ಪತ್ರೆಗೆ, ಇಲ್ಲವೇ ಸಾವಿನ ಮನೆಗೆ. ಅಂಥವರನ್ನು ಮಕ್ಕಳು ಎರಡು ದಿನ ಎಲ್ಲಿಗಾದರೂ ಕರೆದೊಯ್ಯುವುದು ಸಣ್ಣ ಮಾತಲ್ಲ.

ಈಚೆಗೆ ಹಲವು ಕುಟುಂಬಗಳು ಹಳೆಯ ಕೋಟೆಗಳನ್ನು ನೋಡುವ ಇಚ್ಛೆಯನ್ನು ತೋರುತ್ತಿವೆ. ಯಾವುದನ್ನು ಆರಿಸಬೇಕೆಂಬ ಪ್ರಶ್ನೆ ನಮ್ಮವರೆಗೂ ಬರುತ್ತದೆ. ಯುರೋಪಿನ ದುರ್ಗಸೌಧಗಳ ಚಿತ್ರ ಕಂಡವರಿಗೆ ನಮ್ಮ ಸೀಮೆಯ ಕೆಂಪು ಜಂಬಿಟ್ಟಿಗೆಯ ಗೋಡೆಗಳು ಮೊದಲ ನೋಟಕ್ಕೆ ಸಪ್ಪೆಯೆನಿಸಬಹುದು. ಆದರೆ ನಮ್ಮ ನಾಲ್ಕು ತಾಲೂಕುಗಳು ಕೋಟೆಯ ಚರಿತ್ರೆಗೆ ಹೊರತಾದವುಗಳಲ್ಲ. ಮುಂದೆ ವೆಲಿಂಗ್ಟನ್ ಡ್ಯೂಕ್ ಎನಿಸಿದ ಆರ್ಥರ್ ವೆಲ್ಲೆಸ್ಲಿಯ 1800ರ ಸುಮಾರಿನ ಪತ್ರಗಳಲ್ಲಿ ಹಳಿಯಾಳವು ಮರಾಠರ ಎದುರಿನ ಗಡಿಠಾಣ್ಯವಾಗಿ ಕಾಣಿಸಿಕೊಳ್ಳುತ್ತದೆ.

ಹಳಿಯಾಳ, ಮುಂಡಗೋಡಗಳ ಕಡೆಯವರಿಗೆ ಮೊದಲು ಕಿತ್ತೂರನ್ನೇ ಹೇಳುತ್ತೇವೆ. ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದು. ಮೊಣಕಾಲು ನೋವಿನವರಿಗೂ ಏರು ಹೆಚ್ಚಿಲ್ಲ. ದೇಸಾಯಿ ಮನೆತನದ ದತ್ತು ವಾರಸನನ್ನು ಕಂಪನಿ ಸರಕಾರವು ಒಪ್ಪದಿದ್ದಾಗ ವಿಧವೆ ರಾಣಿ ಚೆನ್ನಮ್ಮ ತಲೆಬಾಗಲಿಲ್ಲ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಈ ಕೋಟೆಯ ಮುಂದೆಯೇ ಹತನಾದನು. ಅದೇ ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ರಾಣಿ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಪಾಳುಬಿದ್ದ ಅರಮನೆಯಲ್ಲಿ ಸ್ನಾನಗೃಹಗಳು, ನೀರಿನ ಕೊಳವೆಗಳು, ಧ್ರುವ ನಕ್ಷತ್ರವನ್ನು ನೋಡಲೆಂದು ಗೋಡೆಯಲ್ಲಿ ಮಾಡಿದ ರಂಧ್ರ ಇಂದಿಗೂ ಇವೆ. ನಮ್ಮ ಹಿಂದೂ ನೆರೆಯವರು ಮದುವೆಯ ದಿನ ವಧೂವರರಿಗೆ ತೋರಿಸುವುದು ಇದೇ ನಕ್ಷತ್ರವನ್ನು. ದಂಪತಿಗಳು ಆ ರಂಧ್ರಕ್ಕೊಮ್ಮೆ ಕಣ್ಣಿಟ್ಟು ನೋಡಲಿ, ಹಗಲಿನಲ್ಲಿ ಏನೂ ಕಾಣದಿದ್ದರೂ ಸರಿ.

ಜೊಯಿಡಾ, ದಾಂಡೇಲಿಯವರಿಗೆ ಸದಾಶಿವಗಡ. ಡಿಗ್ಗಿಯ ಬಳಿ ಹುಟ್ಟಿ, ಹಳೆಯ ಸೂಪಾ ಪೇಟೆಯನ್ನೇ ಮುಳುಗಿಸಿದ ಅಣೆಕಟ್ಟನ್ನು ದಾಟಿ, ದಾಂಡೇಲಿಯ ಮಗ್ಗುಲಲ್ಲಿ ಹರಿಯುವ ನಮ್ಮ ಕಾಳಿ ನದಿಯು ಸಮುದ್ರವನ್ನು ಸೇರುವುದು ಈ ಗುಡ್ಡದ ಬುಡದಲ್ಲಿ. ಜೀವನವಿಡೀ ಇದೇ ನೀರು ಕುಡಿದವರು ಅದರ ಕೊನೆಯನ್ನೊಮ್ಮೆ ಕಾಣಬೇಡವೇ? ಸೋಂದೆಯ ಅರಸನು ಇದನ್ನು ತನ್ನ ತಂದೆಯ ಹೆಸರಿನಲ್ಲಿ ಕಟ್ಟಿಸಿದನು. ಬಳಿಕ ಪೋರ್ಚುಗೀಸರು, ಹೈದರಾಲಿ, ಇಂಗ್ಲಿಷರು ಸರದಿಯಂತೆ ಹಿಡಿದರು. ಅಣ್ಣನು ಕಾರವಾರದಲ್ಲಿ ನ್ಯಾಯಾಧೀಶನಾಗಿದ್ದ ಕಾಲದಲ್ಲಿ ತರುಣ ರವೀಂದ್ರನಾಥ ಠಾಗೋರರು ಬೆಳದಿಂಗಳಿನಲ್ಲಿ ಕಾಳಿಯಲ್ಲಿ ದೋಣಿಯೇರಿ ಬಂದುದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಕೋಟೆಯಲ್ಲಿ ಉಳಿದಿರುವುದು ಅಲ್ಪ, ನೋಟವೇ ಅಧಿಕ. ಕೆಳಗಿನ ಹಳೆಯ ಸೇತುವೆಯು 2024ರ ಆಗಸ್ಟಿನಲ್ಲಿ ಕುಸಿದುಬಿದ್ದುದು ಓದುಗರ ನೆನಪಿನಲ್ಲಿದ್ದೀತು.

ಎರಡು ದಿನ ಇರುವವರು ಕುಮಟಾ ಬಳಿಯ ಮಿರ್ಜಾನ ಕೋಟೆಯನ್ನು ಬಿಡಬಾರದು. ನಮಗೆ ಎಲ್ಲಕ್ಕಿಂತ ಪ್ರಿಯವಾದುದು ಇದೇ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಕಾಳುಮೆಣಸಿನ ರಾಣಿ' ಎಂದು ಕರೆದರು. 16ನೆಯ ಶತಮಾನದಲ್ಲಿ ಅರ್ಧಶತಮಾನಕ್ಕೂ ಮೀರಿ ಆಳಿದ ಆಕೆ ಅವರೊಡನೆ ವ್ಯಾಪಾರವನ್ನೂ ಮಾಡಿದಳು, ಯುದ್ಧವನ್ನೂ ಮಾಡಿದಳು. ಮಳೆಗಾಲ ಮುಗಿದ ಹೊಸತರಲ್ಲಿ ಪಾಚಿ ಹಿಡಿದ ಆ ಗೋಡೆಗಳ ಹಸಿರನ್ನು ವರ್ಣಿಸುವುದು ಕಷ್ಟ. ಆದರೆ ಪಾಚಿ ಜಾರುತ್ತದೆ. ಹಿರಿಯರ ಕೈ ಹಿಡಿದಿರಬೇಕು. ಬಾವಿಗಳ ಅಂಚಿನಲ್ಲಿ ಮಕ್ಕಳ ಮೇಲೆ ಕಣ್ಣಿರಲಿ.

ಕಾರವಾರದ ಎದುರಿನ ಅಂಜುದೀವಕ್ಕೆ ಹೋಗಬಹುದೇ ಎಂದು ಕೇಳುವವರುಂಟು. 1505ರಲ್ಲಿ ಅಲ್ಮೇಡಾನು ಕೋಟೆ ಕಟ್ಟಿಸಿದ ಆ ದ್ವೀಪದಲ್ಲಿ ಮರಿಯಮ್ಮನವರ ಇಗರ್ಜಿಯಿದ್ದು, ಹಿಂದೆ ಹಬ್ಬಕ್ಕೆ ದೋಣಿಗಳಲ್ಲಿ ಜನರು ಹೋಗುತ್ತಿದ್ದರು. ಈಗ ಅದು ನೌಕಾನೆಲೆಯ ವಶದಲ್ಲಿದ್ದು ಸಾರ್ವಜನಿಕರಿಗೆ ಪ್ರವೇಶವಿಲ್ಲ. ಬದಲಿಗೆ ಗೋವೆಯ ಕಾಣಕೋಣದ ಕಾಬೊ ಡಿ ರಾಮಾ ಇದೆ. ಅದೂ ಸೋಂದೆಯವರದೇ ಆಗಿತ್ತು. 1763ರಲ್ಲಿ ಹೈದರಾಲಿ ಸೋಂದೆಯನ್ನು ಗೆದ್ದು, ಅರಸನು ಗೋವೆಯಲ್ಲಿ ಆಶ್ರಯ ಪಡೆದ ಸಂದರ್ಭದಲ್ಲಿ ಪೋರ್ಚುಗೀಸರ ಪಾಲಾಯಿತು. ಒಳಗೆ ಸಂತ ಅಂತೋನಿಯವರ ಬಿಳಿಯ ಇಗರ್ಜಿ ಇದೆ.

ಗೋವೆಯ ಕೋಟೆಗಳ ವಿಷಯದಲ್ಲಿ ಒಂದು ಮಾತನ್ನು ಹೇಳದೆ ಇರಲಾಗದು. ಅಲ್ಲಿಗೆ ಹೋದಾಗ ನಮ್ಮವರು 'ಇದು ನಮ್ಮವರ ಕಾಲದ್ದು' ಎಂದು ಹೆಮ್ಮೆಪಡುವುದುಂಟು. ನಮ್ಮವರು ಎಂದರೆ ಯಾರು? ನಮ್ಮ ತಾಲೂಕುಗಳ ಸಿದ್ದಿ ಸಮುದಾಯದಲ್ಲಿ ಕ್ರೈಸ್ತರೂ, ಮುಸಲ್ಮಾನರೂ, ಹಿಂದೂಗಳೂ ಇದ್ದಾರೆ. ಅವರ ಪೂರ್ವಜರಲ್ಲಿ ಅನೇಕರು ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತರಲ್ಪಟ್ಟು, ತಪ್ಪಿಸಿಕೊಂಡು ಈ ಕಾಡುಗಳನ್ನು ಸೇರಿದವರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರುವವರೆಗೆ ಸರಕಾರಕ್ಕೂ ಅವರ ಪರಿಚಯ ಅಷ್ಟಕ್ಕಷ್ಟೇ. ಬಲಿಪೂಜೆಯಲ್ಲಿ ನಮ್ಮ ಪಕ್ಕದಲ್ಲಿಯೇ ನಿಲ್ಲುವ ದಂಪತಿಗಳಿಗೆ ಆ ಗೋಡೆಗಳು ಬೇರೊಂದು ಕಥೆಯನ್ನು ಹೇಳುತ್ತವೆ. ಶುಭದಿನದಲ್ಲಿ ಇದೇಕೆ ಎನ್ನುವವರಿಗೆ ನಮ್ಮ ಉತ್ತರವಿಷ್ಟೇ: ಮೊಮ್ಮಕ್ಕಳು ಜೊತೆಗಿರುತ್ತಾರೆ, ಅವರು ಪ್ರಶ್ನೆ ಕೇಳುತ್ತಾರೆ. ಫಿರಂಗಿಯ ಮೇಲೆ ಕುಳ್ಳಿರಿಸಿ ಚಿತ್ರ ತೆಗೆಯುವ ಮುನ್ನ ಇದನ್ನೂ ಹೇಳಿರಬೇಕು.

ಕೊನೆಗೆ, ಆಯ್ಕೆಯನ್ನು ಮಕ್ಕಳೇ ಮಾಡಿ ಮುಗಿಸುವುದು ತರವಲ್ಲ. ತಾಯಿಗೆ ಸಮುದ್ರ ಬೇಕಿರಬಹುದು, ತಂದೆಗೆ ಕಿತ್ತೂರು. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಬೇಕು. ಒಟ್ಟಿಗೆ ಕೇಳಿದರೆ ತಾಯಿ 'ಅವರು ಹೇಳಿದಂತೆ' ಎಂದುಬಿಡುತ್ತಾಳೆ. ನವೆಂಬರಿನಿಂದ ಫೆಬ್ರವರಿಯವರೆಗೆ ಬಿಸಿಲು ಹಿತ. ಭಾನುವಾರದ ಗದ್ದಲವನ್ನು ತಪ್ಪಿಸಿ ವಾರದ ನಡುವೆ ಹೊರಡುವುದು ಲೇಸು. ಬುತ್ತಿಯೂ ಕುಡಿಯುವ ನೀರೂ ಮನೆಯಿಂದಲೇ ಇರಲಿ.