ಜಮೀನಿನ ವ್ಯಾಜ್ಯಗಳ ಕೋರ್ಟು ದಾಖಲೆಗಳನ್ನು ಹುಡುಕಿ ನಕಲು ಪಡೆಯುವ ಕ್ರಮ

ವ್ಯವಸಾಯದ ಮಾಸಪತ್ರಿಕೆಯಲ್ಲಿ ಕೋರ್ಟು ಕಾಗದಗಳ ಪ್ರಸ್ತಾಪವೇಕೆಂದು ವಾಚಕ ಮಹಾಶಯರಲ್ಲಿ ಕೆಲವರು ಕೇಳಬಹುದು. ಉತ್ತಮವಾದ ಬೀಜ, ಗೊಬ್ಬರ, ನೀರು ಇವು ಮೂರೂ ಒದಗಿದರೆ ಬೆಳೆ ಬರುವುದು ನಿಜ. ಆದರೆ ಬಾವಿಗೆ ಸಾಲ ಬೇಕಾದರೂ, ಹನಿ ನೀರಾವರಿಗೆ ಸಹಾಯಧನ ಬೇಕಾದರೂ, ಅತಿವೃಷ್ಟಿಯಿಂದ ಹಾಳಾದ ಪೈರಿಗೆ ಪರಿಹಾರ ಬೇಕಾದರೂ ಪಹಣಿಯಲ್ಲಿ ಸಾಗುವಳಿದಾರನ ಹೆಸರು ಇರತಕ್ಕದ್ದು. ಈಗ ಫ್ರೂಟ್ಸ್ ತಂತ್ರಾಂಶದಲ್ಲಿ ರೈತನ ಗುರುತಿನ ಸಂಖ್ಯೆಗೆ ಅವನ ಸರ್ವೆ ನಂಬರನ್ನು ಜೋಡಿಸಿದ ಮೇಲೆಯೇ ಇಲಾಖೆಯ ಸೌಲಭ್ಯಗಳು ದೊರೆಯುವುವಾದ್ದರಿಂದ, ಮೃತನಾದ ಅಜ್ಜನ ಹೆಸರಿನಲ್ಲಿಯೇ ಖಾತೆ ನಿಂತಿರುವ ಕುಟುಂಬಗಳು ಬಾಗಿಲಿನವರೆಗೆ ಬಂದು ಹಿಂದಿರುಗುತ್ತವೆ. ಇಂಥವರಲ್ಲಿ ಅನೇಕರು, “ನಮಗೆ ಕೋರ್ಟಿನಲ್ಲಿಯೇ ಭಾಗವಾಗಿದೆ ಸ್ವಾಮಿ” ಎನ್ನುತ್ತಾರೆ. ಡಿಕ್ರಿ ಎಲ್ಲಿ ಎಂದರೆ, ಅದು ವಕೀಲರ ಬಳಿ ಇತ್ತು, ವಕೀಲರು ಕಾಲವಾದರು ಎಂಬ ಉತ್ತರ ಬರುತ್ತದೆ. ಭಾಗವಾದದ್ದು ನಿಜವೇ ಆದರೂ ಕಾಗದವಿಲ್ಲದ ಭಾಗವನ್ನು ತಹಶೀಲ್ದಾರರು ಖಾತೆಗೆ ಏರಿಸಲಾರರು. ಮನೆಯಲ್ಲಿ ಕಾಗದ ಕಳೆದರೂ ಕೋರ್ಟಿನಲ್ಲಿ ಮೂಲವು ಸಾಮಾನ್ಯವಾಗಿ ಇರುತ್ತದೆ. ಅದನ್ನು ಹೇಗೆ ಹುಡುಕಬೇಕು, ಹೇಗೆ ಕೇಳಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ತಿಳಿಯಬೇಕಾದದ್ದು ದಾವೆಯ ನಂಬರು. ಸಿವಿಲ್ ಪ್ರಕ್ರಿಯಾ ಸಂಹಿತೆಯ (1908) ಪ್ರಕಾರ ಪ್ರತಿ ಕೋರ್ಟಿನಲ್ಲಿಯೂ ದಾವೆಗಳ ರಿಜಿಸ್ಟರು ಇದ್ದು, ಪ್ರತಿ ವರ್ಷವೂ ದಾವೆಗಳು ದಾಖಲಾದ ಅನುಕ್ರಮದಲ್ಲಿ ಹೊಸದಾಗಿ ನಂಬರು ಹಾಕುತ್ತಾರೆ. ಆದ್ದರಿಂದ “ನಮ್ಮದು 45ನೆಯ ನಂಬರು” ಎಂದರೆ ಸಾಲದು. 45 ಎಂಬುದು ಪ್ರತಿ ವರ್ಷವೂ ಒಂದಿರುತ್ತದೆ. ನಂಬರು, ವರ್ಷ, ಯಾವ ಕೋರ್ಟು ಎಂಬ ಮೂರೂ ಕೂಡಿದರೆ ಮಾತ್ರ ಕಡತ ಸಿಕ್ಕುತ್ತದೆ. ನಂಬರಿನ ಮುಂದಿನ ಅಕ್ಷರಗಳನ್ನೂ ಬಿಡಬಾರದು. ಓ.ಎಸ್. ಎಂದರೆ ಮೂಲ ದಾವೆ, ಆರ್.ಎ. ಎಂದರೆ ಮೊದಲ ಅಪೀಲು, ಆರ್.ಎಸ್.ಎ. ಎಂದರೆ ಹೈಕೋರ್ಟಿನ ಎರಡನೆಯ ಅಪೀಲು, ಎಫ್.ಡಿ.ಪಿ. ಎಂದರೆ ಅಂತಿಮ ಡಿಕ್ರಿಯ ನಡವಳಿ. ಎಕ್ಸಿಕ್ಯೂಷನ್ ಎಂದರೆ ಡಿಕ್ರಿಯ ಜಾರಿ.

ನಂಬರೇ ಮರೆತುಹೋಗಿದ್ದಲ್ಲಿ ಏನು ಮಾಡಬೇಕು? ಕೋರ್ಟಿಗೆ ಹೋಗುವ ಮೊದಲು ತಾಲ್ಲೂಕು ಕಚೇರಿಗೆ ಹೋಗುವುದು ಲೇಸು. ಹಳೆಯ ಪಹಣಿಗಳಲ್ಲಿ ಋಣಭಾರಗಳನ್ನು ಬರೆಯುವ ಅಂಕಣದಲ್ಲಿ ಕೋರ್ಟಿನ ತಡೆಯಾಜ್ಞೆಯನ್ನೂ ದಾವೆಯ ನಂಬರನ್ನೂ ನಮೂದಿಸಿರುವುದುಂಟು. ಹಕ್ಕು ಬದಲಾವಣೆಯ ರಿಜಿಸ್ಟರಿನಲ್ಲಿ, ಅಂದರೆ ಮ್ಯುಟೇಷನ್ ಪುಸ್ತಕದಲ್ಲಿ, ನೆರೆಯ ದಾಯಾದಿಯ ಹೆಸರಿಗೆ ಖಾತೆಯಾಗಿದ್ದರೆ ಯಾವ ಡಿಕ್ರಿಯ ಮೇಲೆ ಆಯಿತೆಂಬುದು ಅಲ್ಲಿ ಬರೆದಿರುತ್ತದೆ. ದಾಯಾದಿಗಳೊಳಗೆ ಮಾತುಕತೆ ಇಲ್ಲದಿದ್ದರೂ ಅವರ ಮ್ಯುಟೇಷನ್ ನಿಮಗೆ ದಾರಿ ತೋರಿಸುತ್ತದೆ. ಅದೂ ಸಿಕ್ಕದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರವನ್ನು ತೆಗೆಸಿ, ಆ ಸರ್ವೆ ನಂಬರಿನಲ್ಲಿ ಆಮೇಲೆ ಆದ ಕ್ರಯಪತ್ರಗಳನ್ನು ಓದಿಸಬೇಕು. ಮಾರಿದವನಿಗೆ ಸ್ವತ್ತು ಹೇಗೆ ಬಂತೆಂಬುದನ್ನು ಹೇಳುವ ಆರಂಭದ ವಾಕ್ಯಗಳಲ್ಲಿ ಡಿಕ್ರಿಯ ನಂಬರು, ತಾರೀಖುಗಳು ಹೆಚ್ಚಾಗಿ ಸಿಕ್ಕುತ್ತವೆ. ಇವೆಲ್ಲಕ್ಕೂ ಮೊದಲು ಮನೆಯ ಹಿರಿಯ ಹೆಂಗಸರನ್ನು ಕೇಳುವುದನ್ನು ಮರೆಯಬಾರದು. ಗಂಡಸರು ಕಳೆದ ಕಾಗದವನ್ನು ಟ್ರಂಕಿನ ತಳದಲ್ಲಿ ಕಾಪಾಡಿದವರು ಅವರೇ ಎಂಬುದನ್ನು ನಾನು ಅನೇಕ ಮನೆಗಳಲ್ಲಿ ಕಂಡಿದ್ದೇನೆ.

ಈಚಿನ ದಾವೆಗಳಿಗೆ ಮಾರ್ಗ ಸುಲಭ. ಇ-ಕೋರ್ಟ್ಸ್ ಯೋಜನೆಯ ಜಾಲತಾಣದಲ್ಲಿಯೂ ಮೊಬೈಲ್ ಆಪ್‌ನಲ್ಲಿಯೂ ಕಕ್ಷಿದಾರನ ಹೆಸರು, ವರ್ಷ ಕೊಟ್ಟರೆ ದಾವೆಯ ವಿವರ ತಿಳಿಯುತ್ತದೆ. ಪ್ರತಿ ಮೊಕದ್ದಮೆಗೂ 16 ಅಕ್ಷರ ಹಾಗೂ ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಇರುತ್ತದೆ, ಅದನ್ನು ಬರೆದಿಟ್ಟುಕೊಂಡರೆ ಹೆಸರಿನ ಕಾಗುಣಿತದ ತೊಡಕು ತಪ್ಪುತ್ತದೆ. ಆದರೆ ಗಣಕಯಂತ್ರ ಬರುವ ಮೊದಲೇ ತೀರ್ಮಾನವಾದ ದಾವೆಗಳು ಅಲ್ಲಿ ಕಾಣದಿರುವುದು ಸಾಮಾನ್ಯ. ಅಲ್ಲಿ ಇಲ್ಲವೆಂದ ಮಾತ್ರಕ್ಕೆ ಕಡತವೇ ಇಲ್ಲವೆಂದು ತಿಳಿಯಬಾರದು. ಅಲ್ಲಿಂದ ಮುದ್ರಿಸಿಕೊಂಡ ತೀರ್ಪಿನ ಪ್ರತಿಯು ಓದಿಕೊಳ್ಳುವುದಕ್ಕೆ ಸಾಕೇ ಹೊರತು ದೃಢೀಕೃತ ನಕಲಿಗೆ ಸಮವಲ್ಲ.

ಕಡತ ಯಾವ ಊರಿನ ಕೋರ್ಟಿನಲ್ಲಿದೆ ಎಂಬುದೂ ಒಮ್ಮೊಮ್ಮೆ ಸಮಸ್ಯೆಯಾಗುತ್ತದೆ. ಹಿಂದಿನ ಮುನ್ಸೀಫ್ ಕೋರ್ಟೇ ಇಂದಿನ ಕಿರಿಯ ಶ್ರೇಣಿಯ ಸಿವಿಲ್ ನ್ಯಾಯಾಧೀಶರ ಕೋರ್ಟು. ನಿಮ್ಮ ತಾಲ್ಲೂಕಿಗೆ ಕೋರ್ಟು ಆಮೇಲೆ ಬಂದಿದ್ದರೆ ಹಳೆಯ ದಾವೆಯು ನೆರೆಯ ತಾಲ್ಲೂಕಿನಲ್ಲಿ ನಡೆದಿರಬಹುದು. ಚಿಕ್ಕಬಳ್ಳಾಪುರ ಜಿಲ್ಲೆಯು 2007ರಲ್ಲಿ ಕೋಲಾರದಿಂದ ಬೇರೆಯಾಯಿತು. ಅದಕ್ಕೆ ಮುಂಚಿನ ಅಪೀಲುಗಳನ್ನು ಹುಡುಕುವವರು ಕೋಲಾರದಲ್ಲಿಯೂ ವಿಚಾರಿಸಬೇಕಾಗಬಹುದು. ಅಪೀಲು ಆದಾಗ ಕೆಳಗಿನ ಕೋರ್ಟಿನ ಕಡತವನ್ನು ಮೇಲಿನ ಕೋರ್ಟು ತರಿಸಿಕೊಳ್ಳುವುದೂ ಉಂಟು. ಉತ್ತರದ ಜಿಲ್ಲೆಗಳವರಿಗೆ ಇನ್ನೊಂದು ತೊಡಕು: 1956ರ ಏಕೀಕರಣಕ್ಕೆ ಮುಂಚೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಡೆಗಳಲ್ಲಿ ಮೋಡಿ ಲಿಪಿಯ ಮರಾಠಿ ಕಾಗದಗಳೂ, ಹೈದರಾಬಾದಿಗೆ ಸೇರಿದ್ದ ಕಡೆಗಳಲ್ಲಿ ಉರ್ದು ಕಾಗದಗಳೂ ಸಿಕ್ಕುತ್ತವೆ. ಅಂಥವನ್ನು ಬಲ್ಲವರಿಂದ ಓದಿಸಿ ಭಾಷಾಂತರ ಮಾಡಿಸಿದ ಹೊರತು ಪ್ರಯೋಜನವಿಲ್ಲ.

ಇನ್ನು ಅರ್ಜಿಯ ವಿಷಯ. ಪ್ರತಿ ಕೋರ್ಟಿನಲ್ಲಿಯೂ ನಕಲು ಶಾಖೆ ಇದೆ. ನಕಲು ಅರ್ಜಿಯಲ್ಲಿ ದಾವೆಯ ನಂಬರು, ವರ್ಷ, ವಾದಿ ಪ್ರತಿವಾದಿಗಳ ಹೆಸರು, ತೀರ್ಮಾನವಾದ ತಾರೀಖು, ಬೇಕಾದ ಕಾಗದದ ವಿವರ ಇವನ್ನು ಬರೆದು ಗೊತ್ತಾದ ಕೋರ್ಟು ಶುಲ್ಕವನ್ನು ಸಲ್ಲಿಸಬೇಕು. ತೀರ್ಪಿನ ಮತ್ತು ಡಿಕ್ರಿಯ ನಕಲನ್ನು ಕಕ್ಷಿದಾರರಿಗೆ ಅವರ ಖರ್ಚಿನಲ್ಲಿ ಕೊಡತಕ್ಕದ್ದೆಂದು ಸಂಹಿತೆಯ 20ನೆಯ ಆದೇಶದಲ್ಲಿಯೇ ವಿಧಿಸಿದೆ. ಆದಕಾರಣ ಇದು ಯಾರ ದಯೆಯೂ ಅಲ್ಲ. ಕಕ್ಷಿದಾರನು ತೀರಿಕೊಂಡಿದ್ದರೆ ವಾರಸುದಾರನು ತನ್ನ ಸಂಬಂಧವನ್ನು ತೋರಿಸಿ ಕೇಳಬಹುದು. ದಾವೆಗೆ ಸೇರದ ಪರರು, ಉದಾಹರಣೆಗೆ ಜಮೀನನ್ನು ಕೊಳ್ಳಲಿರುವವರು, ಯಾವ ಉದ್ದೇಶಕ್ಕೆ ಬೇಕೆಂಬುದನ್ನು ಪ್ರಮಾಣಪತ್ರದ ಮೂಲಕ ತಿಳಿಸಬೇಕಾಗುತ್ತದೆ. ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ ಸುಲಭವೆಂದು ಕೆಲವರು ಹೇಳಿಕೊಡುತ್ತಾರೆ. ಕೋರ್ಟಿನ ಮೊಕದ್ದಮೆಯ ಕಾಗದಗಳನ್ನು ಕೋರ್ಟಿನ ನಿಯಮಗಳ ಮೂಲಕವೇ ಪಡೆಯತಕ್ಕದ್ದೆಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಮಾನಿಸಿರುವುದರಿಂದ ಆ ದಾರಿಯಲ್ಲಿ ಕಾಲಹರಣವೇ ಫಲ.

ಏನು ಕೇಳಬೇಕೆಂಬುದರಲ್ಲಿಯೇ ಬಹುಮಂದಿ ತಪ್ಪುವರು. ತೀರ್ಪು ಬೇರೆ, ಡಿಕ್ರಿ ಬೇರೆ. ತೀರ್ಪಿನಲ್ಲಿ ಕಾರಣಗಳಿರುತ್ತವೆ, ಡಿಕ್ರಿಯಲ್ಲಿ ಯಾರಿಗೆ ಏನು ಸಲ್ಲುತ್ತದೆಂಬ ಆಜ್ಞೆಯೂ ಸ್ವತ್ತಿನ ಷೆಡ್ಯೂಲೂ ಇರುತ್ತವೆ. ಎರಡನ್ನೂ ಕೇಳಬೇಕು. ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ ಇವುಳ್ಳ ಷೆಡ್ಯೂಲಿಲ್ಲದ ನಕಲು ಕಂದಾಯ ಇಲಾಖೆಗೆ ಉಪಯೋಗವಿಲ್ಲ. ಕಮಿಷನರರು ಅಳೆದು ನಕ್ಷೆ ಮಾಡಿದ್ದರೆ ವರದಿಯನ್ನೂ ನಕ್ಷೆಯನ್ನೂ ಸೇರಿಸಿ ಕೇಳಬೇಕು. ರಾಜಿಯಾಗಿದ್ದರೆ ರಾಜಿ ಅರ್ಜಿಯನ್ನು ಬಿಡಬಾರದು. ಅಪೀಲಾಗಿದ್ದರೆ ಕೊನೆಯ ಕೋರ್ಟಿನ ಡಿಕ್ರಿಯೇ ನಡೆಯುವಂಥದ್ದು. ಕೆಳಗಿನದನ್ನು ಮಾತ್ರ ಹಿಡಿದುಕೊಂಡು ಹೋದವನ ಎದುರಿಗೆ ದಾಯಾದಿಯು ಮೇಲಿನದನ್ನು ತಂದಿಟ್ಟಾನು.

ವಿಭಾಗದ ದಾವೆಗಳಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಮೊದಲು ಆಗುವುದು ಪ್ರಾಥಮಿಕ ಡಿಕ್ರಿ. ಅದು ಮೂರರಲ್ಲೊಂದು, ಆರರಲ್ಲೊಂದು ಎಂದು ಪಾಲನ್ನು ಗೊತ್ತುಮಾಡುತ್ತದೆ. ಹೊಲದ ಯಾವ ಬದಿ ಯಾರಿಗೆಂದು ಹೇಳುವುದಿಲ್ಲ. ಕಂದಾಯದ ಜಮೀನುಗಳನ್ನು ಸಂಹಿತೆಯ 54ನೆಯ ಪ್ರಕರಣದಂತೆ ಡೆಪ್ಯುಟಿ ಕಮಿಷನರರ ಮೂಲಕ ಅಳತೆಮಾಡಿಸಿ ಹಂಚಬೇಕು. ಮಿಕ್ಕ ಸ್ವತ್ತುಗಳಿಗೆ ಕೋರ್ಟೇ ಅಂತಿಮ ಡಿಕ್ರಿಯನ್ನು ಮಾಡುತ್ತದೆ. ನಮ್ಮ ಹಳ್ಳಿಗಳಲ್ಲಿ ಪ್ರಾಥಮಿಕ ಡಿಕ್ರಿ ಬಂದೊಡನೆ ಗೆದ್ದೆವೆಂದು ಸಂತೋಷಪಟ್ಟು ಮನೆಗೆ ಬಂದವರೇ ಹೆಚ್ಚು. ಮಕ್ಕಳ ಕಾಲಕ್ಕೆ ಖಾತೆಯೂ ಇಲ್ಲ, ಪೋಡಿಯೂ ಇಲ್ಲ, ಪ್ರತಿ ಬಿತ್ತನೆಗೂ ಬದುವಿನ ಜಗಳ. ಇವರಿಗೆ ಸಮಾಧಾನದ ಸಂಗತಿಯೊಂದಿದೆ: ವಿಭಾಗದ ದಾವೆಯಲ್ಲಿ ಅಂತಿಮ ಡಿಕ್ರಿಯನ್ನು ಕೋರುವ ಅರ್ಜಿಗೆ ಕಾಲಮಿತಿಯ ಅಡ್ಡಿಯಿಲ್ಲವೆಂದು ಸುಪ್ರೀಂ ಕೋರ್ಟು 2009ರಲ್ಲಿ ಹೇಳಿದೆ. ಪ್ರಾಥಮಿಕ ಡಿಕ್ರಿಯ ನಕಲನ್ನು ತೆಗೆಸಿ ವಕೀಲರನ್ನು ಕಾಣುವುದಕ್ಕೆ ಇನ್ನೂ ಅವಕಾಶವುಂಟು. ಅಂತಿಮ ಡಿಕ್ರಿಯಾದ ಬಳಿಕ ಮಾತ್ರ ಗಡಿಯಾರ ನಡೆಯತೊಡಗುತ್ತದೆ. ಸ್ವಾಧೀನಕ್ಕಾಗಿ ಅದನ್ನು 12 ವರ್ಷಗಳೊಳಗೆ ಜಾರಿಮಾಡಿಸಬೇಕು. ಕಾಲುವೆ, ಬಂಡಿದಾರಿ ಮುಂತಾದವುಗಳಿಗೆ ಸಂಬಂಧಿಸಿದ ಶಾಶ್ವತ ನಿರ್ಬಂಧಕಾಜ್ಞೆಗೆ ಆ 12 ವರ್ಷದ ಮಿತಿ ಅನ್ವಯಿಸದು. ದಾರಿ ಕಟ್ಟಿದ ನೆರೆಯವನ ಮೇಲೆ ತಂದೆಯ ಕಾಲದ ಡಿಕ್ರಿಯನ್ನು ಹುಡುಕಿ ತೆಗೆಯುವುದು ಇದರಿಂದಲೇ ಸಾರ್ಥಕ.

ಹೊಸದಾಗಿ ಸೋತವರಿಗೆ ನಕಲು ಅರ್ಜಿಯ ತಾರೀಖು ಪ್ರಾಣಸಮಾನವಾದದ್ದು. 1963ರ ಕಾಲಮಿತಿ ಕಾಯಿದೆಯ ಪ್ರಕಾರ ಜಿಲ್ಲೆಯೊಳಗಿನ ಮೇಲಿನ ಕೋರ್ಟಿಗೆ ಅಪೀಲು ಮಾಡಲು 30 ದಿನ, ಹೈಕೋರ್ಟಿಗೆ 90 ದಿನ. ನಕಲು ಪಡೆಯುವುದಕ್ಕೆ ಅಗತ್ಯವಾಗಿ ಹಿಡಿದ ದಿನಗಳನ್ನು 12ನೆಯ ಪ್ರಕರಣದಂತೆ ಇದರಿಂದ ಕಳೆಯುತ್ತಾರೆ. ದೃಷ್ಟಾಂತಕ್ಕೆ, ಜುಲೈ 1ರಂದು ಡಿಕ್ರಿಯಾಯಿತೆನ್ನೋಣ. 30 ದಿನ ಜುಲೈ 31ಕ್ಕೆ ಮುಗಿಯುತ್ತದೆ. ಜುಲೈ 10ರಂದು ಅರ್ಜಿ ಕೊಟ್ಟು 21ರಂದು ನಕಲು ಸಿದ್ಧವಾದರೆ ಆ 12 ದಿನಗಳು ಸೇರಿ ಆಗಸ್ಟ್ 12ರವರೆಗೆ ಅವಕಾಶ. ಆಗಸ್ಟ್ 5ರಂದು ಅರ್ಜಿ ಕೊಟ್ಟವನಿಗೆ ಒಂದು ದಿನವೂ ಸೇರದು. ಅವಧಿ ಆಗಲೇ ಮುಗಿದಿದೆ, ವಿಳಂಬಕ್ಕೆ ಸರಿಯಾದ ಕಾರಣವನ್ನು ತೋರಿಸಿ ಕ್ಷಮೆ ಬೇಡಬೇಕು. ಅರ್ಜಿಯನ್ನು ಕೊಡುವುದಕ್ಕೆ ಮುಂಚೆ ಕೋರ್ಟು ಡಿಕ್ರಿಯನ್ನು ಬರೆಯಲು ತೆಗೆದುಕೊಂಡ ಕಾಲವೂ ಕಳೆಯಲ್ಪಡದು. ನಕಲಿನ ಹಿಂಬದಿಯಲ್ಲಿ ಅರ್ಜಿ ಬಂದ ದಿನ, ಶುಲ್ಕ ತಿಳಿಸಿದ ದಿನ, ಕಟ್ಟಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ ಇವೆಲ್ಲವನ್ನೂ ಬರೆದಿರುತ್ತಾರೆ. ಶುಲ್ಕವನ್ನು ಕಟ್ಟಲು ನೀವು ತಡಮಾಡಿದ ದಿನಗಳೂ, ಸಿದ್ಧವಾದ ನಕಲನ್ನು ಒಯ್ಯಲು ಬಾರದ ದಿನಗಳೂ ನಿಮ್ಮ ಲೆಕ್ಕಕ್ಕೇ ಬೀಳುತ್ತವೆ. ರಾಗಿ ಪೈರಿನ ಕಳೆ ಮುಗಿಯಲಿ ಎಂದು ಕಾಯುವ ಕೆಲಸವಲ್ಲ ಇದು. ತೀರ್ಪು ಹೇಳಿದ ದಿನವೇ ಅರ್ಜಿ ಕೊಟ್ಟು ಬರಬೇಕು.

ಗೇಣಿದಾರರಾಗಿದ್ದವರ ಕಾಗದಗಳು ಸಿವಿಲ್ ಕೋರ್ಟಿನಲ್ಲಿ ಸಿಕ್ಕುವುದಿಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಮೇರೆಗೆ ನಮೂನೆ 7ರಲ್ಲಿ ಹಾಕಿದ ಅರ್ಜಿಗಳನ್ನು ಭೂ ನ್ಯಾಯಮಂಡಳಿಗಳು ತೀರ್ಮಾನಿಸಿದವು; ಆ ಕಡತಗಳನ್ನೂ ನಮೂನೆ 10ರ ಅಧಿಭೋಗದಾರಿಕೆ ಪತ್ರದ ವಿವರವನ್ನೂ ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಕೇಳಬೇಕು. ಲೋಕ ಅದಾಲತ್ತಿನ ರಾಜಿಯಾದರೆ ಅದರ ತೀರ್ಮಾನವು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಡಿಕ್ರಿಗೆ ಸಮಾನ. ಅದೇ ಕಾಯಿದೆಯಲ್ಲಿ ಸ್ತ್ರೀಯರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ವರಮಾನ ಎಷ್ಟೇ ಇರಲಿ ಉಚಿತ ಕಾನೂನು ಸಹಾಯ ಹೇಳಿದೆ. ತಾಲ್ಲೂಕು ಕೋರ್ಟಿನ ಆವರಣದಲ್ಲಿಯೇ ಕಾನೂನು ಸೇವಾ ಸಮಿತಿಯನ್ನು ವಿಚಾರಿಸಬಹುದು. ವಿಧವೆಯರ ಪಾಲಿನ ಕಾಗದಗಳನ್ನು ಹುಡುಕಿಸುವುದರಲ್ಲಿ ಗ್ರಾಮದ ಯಜಮಾನರು ಇಷ್ಟು ದಾರಿ ತೋರಿಸಿದರೆ ಉಪಕಾರವಾಗುತ್ತದೆ.

ನಕಲು ಕೈಗೆ ಬಂದ ಕೂಡಲೆ ಮೊಹರು, ದೃಢೀಕರಣ, ಸರ್ವೆ ನಂಬರು, ಎಕರೆ ಗುಂಟೆಗಳನ್ನು ಪಹಣಿಯೊಡನೆ ಹೋಲಿಸಿ ನೋಡಬೇಕು. ದಾವೆಯ ತರುವಾಯ ಪೋಡಿಯಾಗಿ ಹಿಸ್ಸಾ ನಂಬರು ಬದಲಾಗಿದ್ದರೆ ಸರ್ವೆ ಇಲಾಖೆಯಿಂದ ಹಳೆಯದಕ್ಕೂ ಹೊಸದಕ್ಕೂ ಇರುವ ಸಂಬಂಧದ ದಾಖಲೆಯನ್ನು ಜೊತೆಗಿಡಬೇಕು. ಬಳಿಕ, ಹಕ್ಕು ಬಂದ ಮೂರು ತಿಂಗಳೊಳಗೆ ವರದಿ ಮಾಡತಕ್ಕದ್ದೆಂದು 1964ರ ಭೂ ಕಂದಾಯ ಕಾಯಿದೆಯ 128ನೆಯ ಪ್ರಕರಣ ವಿಧಿಸಿರುವುದರಿಂದ, ತಡಮಾಡದೆ ಖಾತೆಗೆ ಅರ್ಜಿ ಕೊಡಬೇಕು. ಜೆರಾಕ್ಸ್ ಪ್ರತಿಯನ್ನು ಕಚೇರಿಗಳಿಗೆ ತೋರಿಸಿ, ಮೊಹರಿರುವ ನಕಲನ್ನು ಮನೆಯಲ್ಲಿಡುವುದು ಒಳ್ಳೆಯದು; ಎರಡು ನಕಲುಗಳನ್ನು ಒಟ್ಟಿಗೇ ತೆಗೆಸುವ ಖರ್ಚು ಹೆಚ್ಚೇನೂ ಅಲ್ಲ.

ಕೊನೆಯದಾಗಿ ಒಂದು ಸಂಗತಿ. ದಾವೆಯಲ್ಲಿ ಹಾಜರುಪಡಿಸಿದ ಮೂಲ ಕ್ರಯಪತ್ರ, ಪಾಲುಪಾರೀಕತ್ತು, ಹಳೆಯ ರಸೀದಿಗಳು ಕಡತದಲ್ಲಿಯೇ ಉಳಿದುಬಿಡುತ್ತವೆ. ಅಪೀಲಿನ ಅವಧಿ ಮುಗಿದ ಮೇಲೆ, ಇಲ್ಲವೇ ಅಪೀಲು ತೀರ್ಮಾನವಾದ ಮೇಲೆ, ಸಂಹಿತೆಯ 13ನೆಯ ಆದೇಶದ 9ನೆಯ ನಿಯಮದಂತೆ ಅರ್ಜಿ ಕೊಟ್ಟು ಅವನ್ನು ಹಿಂದಕ್ಕೆ ಪಡೆಯಬಹುದು. ಡಿಕ್ರಿಯಿಂದಲೇ ರದ್ದಾದ ಪತ್ರಗಳನ್ನು ಮಾತ್ರ ಕೊಡುವುದಿಲ್ಲ. ಕೋರ್ಟಿನ ಕಡತಗಳಲ್ಲಿ ಕೆಲವು ಭಾಗಗಳನ್ನು ಗೊತ್ತಾದ ವರ್ಷಗಳ ಬಳಿಕ ನಿಯಮಾನುಸಾರ ನಾಶಪಡಿಸುವುದುಂಟಾದ್ದರಿಂದ, ಹಳೆಯ ದಾವೆಗಳಿರುವವರು ಈ ಬೇಸಿಗೆಯ ಬಿಡುವಿನಲ್ಲಿಯೇ ಕೋರ್ಟಿನ ಶಿರಸ್ತೇದಾರರನ್ನು ಕಂಡು ತಮ್ಮ ಪತ್ರಗಳು ಇವೆಯೇ ಎಂದು ವಿಚಾರಿಸತಕ್ಕದ್ದು.