ಅಣುವನ್ನು ಕಂಡವರಾರು?

ಏಳನೆಯ ತರಗತಿಯಲ್ಲಿ ಓದುವ ನನ್ನ ತಮ್ಮನು ಒಂದು ಸಂಜೆ "ದ್ರವ್ಯವು ಕಣಗಳಿಂದ ಆಗಿದೆ" ಎಂಬ ವಾಕ್ಯವನ್ನು ಹತ್ತಾರು ಸಲ ಗಟ್ಟಿಯಾಗಿ ಉರು ಹೊಡೆದು, ಕೊನೆಗೆ ಪುಸ್ತಕ ಮುಚ್ಚಿ, "ಅಣ್ಣಾ, ಇದನ್ನು ಕಂಡವರು ಯಾರು?" ಎಂದನು. ಚರಿತ್ರೆಯನ್ನು ಓದುವ ನನಗೆ ಥಟ್ಟನೆ ಉತ್ತರ ತೋಚಲಿಲ್ಲ. "ಪರೀಕ್ಷೆಗೆ ಅಷ್ಟು ಬರೆದರೆ ಸಾಕು" ಎಂದುಬಿಟ್ಟೆ. ಹಾಗೆಂದದ್ದು ತಪ್ಪೆಂದು ಆಮೇಲೆ ಓದಿ ತಿಳಿದೆ. ಅವನ ಪ್ರಶ್ನೆಯನ್ನೇ ಯುರೋಪಿನ ಹಿರಿಯ ವಿಜ್ಞಾನಿಗಳು ಇಪ್ಪತ್ತನೆಯ ಶತಮಾನದ ಆದಿಯವರೆಗೂ ಕೇಳುತ್ತಿದ್ದರು.

ನಮ್ಮಲ್ಲಿ ಕಣಾದ, ಗ್ರೀಸಿನಲ್ಲಿ ಡೆಮಾಕ್ರಿಟಸ್ ಈ ವಿಚಾರವನ್ನು ಬಹು ಹಿಂದೆಯೇ ಮಾಡಿದ್ದರು. ಅದು ತರ್ಕ. (ಕಣಾದನ ಹೆಸರೆತ್ತಿದೊಡನೆ ಎಲ್ಲವೂ ನಮ್ಮಲ್ಲಿತ್ತೆಂದು ಎದೆಯುಬ್ಬಿಸುವುದು ಸುಲಭ, ಊಹಿಸಿದ ಕಣ ಬೇರೆ, ಅಳೆದ ಕಣ ಬೇರೆ.) 1808ರಲ್ಲಿ ಡಾಲ್ಟನ್ ಮೂಲವಸ್ತುಗಳು ಗೊತ್ತಾದ ತೂಕದಲ್ಲೇ ಕೂಡುವುದಕ್ಕೆ ಪರಮಾಣುಗಳೇ ಕಾರಣವೆಂದು ಬರೆದನು. ಆದರೂ ಮಾಕ್, ಓಸ್ಟ್‌ವಾಲ್ಡ್ ಮೊದಲಾದವರು ಪರಮಾಣು ಲೆಕ್ಕಕ್ಕೆ ಒದಗುವ ಕಲ್ಪನೆಯೇ ಹೊರತು ಸಿದ್ಧವಾದ ವಸ್ತುವಲ್ಲವೆಂದು ಹಟ ಹಿಡಿದಿದ್ದರು.

ಸಾಕ್ಷಿ ದೊರೆತದ್ದು ಒಬ್ಬ ಸಸ್ಯಶಾಸ್ತ್ರಜ್ಞನಿಂದ. 1827ರಲ್ಲಿ ರಾಬರ್ಟ್ ಬ್ರೌನ್ ಹೂವಿನ ಪರಾಗದೊಳಗಿನ ಸಣ್ಣ ಕಣಗಳನ್ನು ನೀರಿನಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವು ಕ್ಷಣವೂ ಸುಮ್ಮನಿರದೆ ತಡಬಡಿಸುತ್ತಿದ್ದವು. ಜೀವವಿರಬಹುದೆಂದು ಶಂಕಿಸಿ, ಆತನು ಗಾಜಿನ ಪುಡಿ, ಕಲ್ಲಿನ ಪುಡಿ, ಈಜಿಪ್ಟಿನ ಸ್ಫಿಂಕ್ಸ್ ವಿಗ್ರಹದ ಒಂದು ಚೂರನ್ನೂ ಅರೆದು ನೋಡಿದನು. ಅವೂ ಕುಣಿದವು! ಸಾವಿರಾರು ವರ್ಷದ ಕಲ್ಲಿಗೆ ಜೀವವೆಲ್ಲಿಯದು?

ಕಾರಣವನ್ನು 1905ರಲ್ಲಿ ಐನ್‌ಸ್ಟೈನ್ ಗಣಿತದಿಂದ ತೋರಿಸಿದರು. ನೀರಿನ ಅಣುಗಳು ಎಲ್ಲ ಕಡೆಯಿಂದಲೂ ಕಣವನ್ನು ಗುದ್ದುತ್ತವೆ. ಗುದ್ದುಗಳು ಕ್ಷಣಕ್ಷಣಕ್ಕೂ ಸಮವಾಗಿರುವುದಿಲ್ಲ. ಗುಡ್ಡದ ಮೇಲಿಂದ ಜಾತ್ರೆ ನೋಡುವವನಿಗೆ ಜನರ ಮುಖ ಕಾಣದಿದ್ದರೂ ಪಲ್ಲಕ್ಕಿ ಓಲಾಡುವುದರಿಂದ ಕೆಳಗೆ ಹೆಗಲುಗಳಿವೆಯೆಂದು ಗೊತ್ತಾಗುವುದಿಲ್ಲವೇ? ಹಾಗೆಯೇ ಇದು. ಒಂದು ನಿಮಿಷದಲ್ಲಿ ಕಣವು ಸರಾಸರಿ ಎಷ್ಟು ದೂರ ಸರಿಯುವುದೋ, ನಾಲ್ಕು ನಿಮಿಷದಲ್ಲಿ ಅದರ ನಾಲ್ಕರಷ್ಟಲ್ಲ, ಎರಡರಷ್ಟು ಮಾತ್ರ ಸರಿಯಬೇಕೆಂಬುದು ಅವರ ಲೆಕ್ಕ. ಪ್ಯಾರಿಸಿನಲ್ಲಿ ಪೆರ್ರಾಂ 1908ರಿಂದ ಮರದ ಅಂಟಿನ ಸಮಗಾತ್ರದ ಕಣಗಳನ್ನು ನೀರಿನಲ್ಲಿಟ್ಟು, ಸಹನೆಯಿಂದ ಒಂದೊಂದನ್ನೇ ಎಣಿಸಿ, ಅಳೆದು ನೋಡಿದರು. ಲೆಕ್ಕ ತಾಳೆಯಾಯಿತು, ಅಣುಗಳ ಸಂಖ್ಯೆಯೂ ಸಿಕ್ಕಿತು. 1909ರಲ್ಲಿ ಓಸ್ಟ್‌ವಾಲ್ಡ್ ತಮ್ಮ ಹಟ ಬಿಟ್ಟರು. ನನಗೆ ಪೆರ್ರಾಂ ಅವರ ಎಣಿಕೆಗಿಂತ ಈ ಒಪ್ಪಿಗೆಯೇ ದೊಡ್ಡದಾಗಿ ಕಾಣುತ್ತದೆ.

ಒಂದು ಟೀ ಚಮಚ ನೀರಿನಲ್ಲಿ ಸುಮಾರು 17ರ ಮುಂದೆ 22 ಸೊನ್ನೆ ಹಾಕಿದಷ್ಟು ಅಣುಗಳಿವೆ. 1981ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬಿನ್ನಿಗ್ ಮತ್ತು ರೋರರ್ ಮುಟ್ಟಿಯೂ ಮುಟ್ಟದಂತೆ ಸೂಜಿಯ ಮೊನೆಯನ್ನು ಸರಿಸಿ, ವಿದ್ಯುತ್ತಿನ ಏರಿಳಿತದಿಂದ ವಸ್ತುವಿನ ಮೈಯನ್ನು ಚಿತ್ರಿಸುವ ಯಂತ್ರವನ್ನು ರಚಿಸಿದರು. ಅದರಿಂದ ಪರಮಾಣುಗಳ ಸಾಲುಗಳೇ ಕಂಡವು. ಕಣ್ಣಿನಿಂದ ಕಂಡಂತೆ ಎನ್ನುವುದಕ್ಕಿಂತ, ಕುರುಡನು ಬೆರಳಿನಿಂದ ತಡವಿ ತಿಳಿದಂತೆ.

ಇದನ್ನೆಲ್ಲ ತಮ್ಮನಿಗೆ ಹೇಳಿದಾಗ ಅವನು ಇನ್ನೆರಡು ಕೇಳಿದನು. ಕಣಗಳ ನಡುವೆ ಏನಿದೆ, ಗಾಳಿಯೇ? ಅಲ್ಲ, ಗಾಳಿಯೂ ಕಣಗಳೇ, ನಡುವೆ ಇರುವುದು ಬರಿಯ ಬಯಲು. ಮಂಜುಗಡ್ಡೆ ಕರಗಿದಾಗ ಅದರ ಕಣವೂ ಕರಗುವುದೇ? ಇಲ್ಲ, ಕಣ ಅದೇ, ಅವುಗಳ ಕಟ್ಟು ಮಾತ್ರ ಸಡಿಲುತ್ತದೆ. ಬಳಿಕ ಎರಡು ಲೋಟಗಳಲ್ಲಿ ತಣ್ಣೀರು, ಬಿಸಿನೀರು ತುಂಬಿ ಒಂದೊಂದು ಹನಿ ಶಾಯಿ ಬಿಟ್ಟೆವು. ಬಿಸಿನೀರಿನಲ್ಲಿ ಬೇಗ ಹರಡಿತು. ತಣ್ಣೀರಿನ ಲೋಟವನ್ನು ಅವನು ಮಲಗುವವರೆಗೂ ಅಲುಗಿಸಗೊಡಲಿಲ್ಲ.