ಇಪ್ಪತ್ತೇಳು ಡಿಗ್ರಿಯ ಚಳಿ

ಮಳೆಗಾಲ ಮುಗಿದು ಕಡಲಿನ ಅಬ್ಬರ ಇಳಿಯುತ್ತಿದ್ದಂತೆ ಮುರುಡೇಶ್ವರದಿಂದ ನೇತ್ರಾಣಿ ದ್ವೀಪದತ್ತ ಡೈವಿಂಗ್ ದೋಣಿಗಳ ಓಡಾಟ ಶುರುವಾಗುತ್ತದೆ. ನೆತ್ತಿ ಸುಡುವ ಬಿಸಿಲಲ್ಲಿ ಕುಳಿತವರ ಕೈಗೆ ಬಿಗಿಯಾದ ಕಪ್ಪು ರಬ್ಬರ್ ಉಡುಪು ಬಂದಾಗ ಮೊದಲು ಹುಟ್ಟುವ ಪ್ರಶ್ನೆ, ‘ಈ ಸೆಕೆಯಲ್ಲಿ ಇದ್ಯಾಕೆ?’ ಕೇಳುವುದರಲ್ಲಿ ತಪ್ಪೇನಿಲ್ಲ. ಡೈವಿಂಗ್ ಋತುವಿನಲ್ಲಿ ಇಲ್ಲಿನ ಮೇಲ್ಮೈ ನೀರು ಸುಮಾರು 27ರಿಂದ 30 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅಂಡಮಾನ್, ಲಕ್ಷದ್ವೀಪಗಳಲ್ಲೂ ಹೆಚ್ಚುಕಡಿಮೆ ಅಷ್ಟೇ. ಬೆಂಗಳೂರಿನ ಮನೆಯೊಳಗೆ 27 ಡಿಗ್ರಿ ಇದ್ದರೆ ಫ್ಯಾನ್ ಬೇಕೋ ಬೇಡವೋ ಎಂದು ಚರ್ಚೆಯಾಗುತ್ತದೆ.

ನೀರಿನ ಲೆಕ್ಕ ಬೇರೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಬರಿಮೈಯಲ್ಲಿ, ಅಲ್ಲಾಡದೆ ನೀರಲ್ಲಿರುವವರಿಗೆ ಚಳಿಯಾಗಬಾರದೆಂದರೆ ಆ ನೀರು 33ರಿಂದ 35 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಅಷ್ಟು ಬೆಚ್ಚಗಿನ ಕಡಲು ಭೂಮಿಯ ಮೇಲೆ ಅಪರೂಪ. ಹಾಗಾಗಿ ಉಷ್ಣವಲಯದಲ್ಲೂ ಮೈ ಶಾಖ ಕಳೆದುಕೊಳ್ಳುತ್ತಲೇ ಇರುತ್ತದೆ. ಸಿಲಿಂಡರಿನ ಒಣಗಾಳಿಯನ್ನು ಬೆಚ್ಚಗೆ, ತೇವವಾಗಿ ಮಾಡಿಕೊಳ್ಳಲೂ ಒಂದಿಷ್ಟು ಶಾಖ ಖರ್ಚಾಗುತ್ತದೆ. ಬೆಳಗಿನ ಡೈವಿನಲ್ಲಿ ಏನೂ ಅನ್ನಿಸದವರು ಅದೇ ದಿನದ ಮೂರನೆಯ ಡೈವಿನ ನಡುವೆ ಹಲ್ಲು ಕಟಕಟಿಸುವುದು ಇದರಿಂದಲೇ.

ನಡುಕ ಬರೀ ಕಿರಿಕಿರಿಯ ವಿಷಯವಲ್ಲ. ಅಮೆರಿಕ ನೌಕಾಪಡೆಯ ಪ್ರಾಯೋಗಿಕ ಡೈವಿಂಗ್ ಘಟಕ 2007ರಲ್ಲಿ ಹೊರತಂದ ಅಧ್ಯಯನವೊಂದರಲ್ಲಿ ಡೈವರ್‌ಗಳನ್ನು ಎರಡು ಉಷ್ಣತೆಯ ನೀರಿನಲ್ಲಿ ಪರೀಕ್ಷಿಸಿದ್ದರು. ಬೆಚ್ಚಗಿನದು 36 ಡಿಗ್ರಿ, ‘ತಣ್ಣಗಿನದು’ 27. ಪ್ರವಾಸಿಗರು ಈಜುಕೊಳದಂತೆ ಬೆಚ್ಚಗಿದೆ ಎಂದು ಮೆಚ್ಚುವ ನೀರು ನೌಕಾಪಡೆಯ ಲೆಕ್ಕದಲ್ಲಿ ತಣ್ಣೀರು! ಆಳದಲ್ಲಿ ಬೆಚ್ಚಗಿದ್ದು ಮೇಲೇರುವ ಹಂತದಲ್ಲಿ ತಣ್ಣಗಾದವರಿಗೆ, ಕರಗಿದ ಅನಿಲ ಮೈಯೊಳಗೆ ಗುಳ್ಳೆಗಟ್ಟುವ ಡಿಕಂಪ್ರೆಶನ್ ಕಾಯಿಲೆ ಬಹಳ ಹೆಚ್ಚಾಗಿ ಕಾಣಿಸಿತು. ಚಳಿಗೆ ರಕ್ತನಾಳಗಳು ಕುಗ್ಗುತ್ತವೆ, ಆಗ ಅಂಗಾಂಶಗಳಲ್ಲಿ ಕರಗಿರುವ ನೈಟ್ರೋಜನ್ ಹೊರಬರುವುದು ನಿಧಾನವಾಗುತ್ತದೆ. ಅವು ಕಠಿಣವಾದ ಸೈನಿಕ ಡೈವ್‌ಗಳು. ಅರ್ಧ ಗಂಟೆ ಮೀನು ನೋಡಿ ಬರುವವರು ಹೆದರಬೇಕಿಲ್ಲ, ಆದರೆ ಡೈವಿನ ಕೊನೆಯಲ್ಲಿ ಬೆಚ್ಚಗಿರುವುದು ಏಕೆ ಮುಖ್ಯವೆಂದು ಇದು ತೋರಿಸುತ್ತದೆ.

ವೆಟ್‌ಸೂಟ್ ಎಂಬ ಈ ರಬ್ಬರ್ ಉಡುಪು ಹುಟ್ಟಿದ್ದೂ ನೌಕಾಪಡೆಯ ಈಜುಗಾರರಿಗಾಗಿಯೇ. ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ 1950ರ ದಶಕದ ಆರಂಭದಲ್ಲಿ ಒಂದು ಸರಳ ಸಂಗತಿ ಕಂಡುಕೊಂಡರು: ಮೈ ಒಣಗಿರಬೇಕಿಲ್ಲ, ಬಟ್ಟೆಯೊಳಗೇ ಗಾಳಿ ಸೆರೆಯಾಗಿದ್ದರೆ ಸಾಕು. ಸೂಟಿನೊಳಗೆ ನುಗ್ಗಿ ಬಿಸಿಯಾಗುವ ನೀರೇ ನಮ್ಮನ್ನು ಬೆಚ್ಚಗಿಡುತ್ತದೆ ಎಂದು ಈಗಲೂ ಎಷ್ಟೋ ಜನ ನಂಬಿದ್ದಾರೆ. ನಿಜವಾಗಿ ಕೆಲಸ ಮಾಡುವುದು ನಿಯೋಪ್ರೀನ್ ರಬ್ಬರಿನಲ್ಲಿರುವ ಅನಿಲದ ಸಣ್ಣ ಗುಳ್ಳೆಗಳು.

ಆ ಗುಳ್ಳೆಗಳೇ ಸೂಟಿನ ದೌರ್ಬಲ್ಯವೂ ಹೌದು. ಹತ್ತು ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟಾಗುತ್ತದೆ, ಮೂವತ್ತು ಮೀಟರಿಗೆ ನಾಲ್ಕು ಪಟ್ಟು. ಗುಳ್ಳೆಗಳು ಹಿಂಡಿಹೋಗಿ ಸೂಟು ತೆಳ್ಳಗಾಗುತ್ತದೆ. ಅಂಗಡಿಯಲ್ಲಿ 3 ಮಿಲಿಮೀಟರ್ ಎಂದು ಕೊಂಡದ್ದು ಆಳದಲ್ಲಿ 3 ಮಿಲಿಮೀಟರ್ ಆಗಿ ಉಳಿದಿರುವುದಿಲ್ಲ. ದಪ್ಪ ಸೂಟು ಹೆಚ್ಚು ತೇಲುವುದರಿಂದ ಮುಳುಗಲು ಸೊಂಟಕ್ಕೆ ಸೀಸದ ತೂಕವನ್ನೂ ಹೆಚ್ಚಿಸಬೇಕಾಗುತ್ತದೆ. ಇದು ಬೇಡ ಎನ್ನುವವರಿಗೆ ಫ್ಲೀಸ್ ಒಳಪದರವಿರುವ, ನಿಯೋಪ್ರೀನ್ ಇಲ್ಲದ ಸೂಟುಗಳಿವೆ. ಅವು ಅಷ್ಟಾಗಿ ತೇಲುವುದಿಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು? ನಮ್ಮ ಕಡಲಿಗೆ 3 ಮಿಲಿಮೀಟರ್‌ನ ಫುಲ್ ಸೂಟ್ ಹೆಚ್ಚಿನವರಿಗೆ ಹೊಂದುತ್ತದೆ. ಮೊಣಕಾಲಿನವರೆಗಿನ ಶಾರ್ಟಿ ಒಂದೇ ಒಂದು ಚಿಕ್ಕ ಡೈವಿಗೆ ಪರವಾಗಿಲ್ಲ. ಲೈಕ್ರಾದ ರ‍್ಯಾಶ್ ಗಾರ್ಡ್ ಬಿಸಿಲು ತಡೆಯುತ್ತದೆಯೇ ಹೊರತು ಚಳಿಯನ್ನಲ್ಲ. ಸಣಕಲು ದೇಹದವರು, ಮಕ್ಕಳು, ದಿನಕ್ಕೆ ಮೂರು ನಾಲ್ಕು ಸಲ ಇಳಿಯುವವರು ಒಳಗೊಂದು ಹುಡ್ ಇರುವ ಬನಿಯನ್ ಸೇರಿಸಿಕೊಳ್ಳಬಹುದು, ಇಲ್ಲವೇ 5 ಮಿಲಿಮೀಟರಿಗೆ ಹೋಗಬಹುದು. ಪಕ್ಕದವರು ಏನು ಹಾಕಿದ್ದಾರೆಂದು ನೋಡಿ ತೀರ್ಮಾನಿಸಬಾರದು. ದಿನವೂ ನೀರಿಗಿಳಿಯುವ ಡೈವ್ ಮಾಸ್ಟರ್ ಚಡ್ಡಿಯಲ್ಲಿದ್ದರೂ ಅದು ಅವನ ಮಾತು.

ದಪ್ಪಕ್ಕಿಂತ ಮುಖ್ಯವಾದದ್ದು ಅಳತೆ. ಸಡಿಲ ಸೂಟಿನೊಳಗೆ ಪ್ರತಿ ಕಾಲ್ಬಡಿತಕ್ಕೂ ಹೊಸ ತಣ್ಣೀರು ನುಗ್ಗುತ್ತದೆ, ಆಗ 5 ಮಿಲಿಮೀಟರೂ ವ್ಯರ್ಥ. ಬಾಡಿಗೆ ಸೂಟು ಹಾಕಿದ ಮೇಲೆ ಕತ್ತು, ಕಂಕುಳು, ಸೊಂಟದ ಹಿಂಭಾಗ ಮುಟ್ಟಿ ನೋಡಿ. ಬೆನ್ನಿನ ತಗ್ಗಿನಲ್ಲಿ ಅಂಗೈ ತೂರುವಷ್ಟು ಜಾಗವಿದ್ದರೆ ಚಿಕ್ಕದನ್ನು ಕೇಳಿ. ಪೂರ್ತಿ ಉಸಿರೆಳೆಯಲಾಗದಿದ್ದರೆ ದೊಡ್ಡದು ಬೇಕು. ಪಾದಕ್ಕೊಂದು ಪ್ಲಾಸ್ಟಿಕ್ ಚೀಲ ಸಿಕ್ಕಿಸಿಕೊಂಡರೆ ಕಾಲು ಸಲೀಸಾಗಿ ಜಾರಿ ಹೋಗುತ್ತದೆ. ಸಾಮಾನ್ಯವಾಗಿ ಜಿಪ್ ಬೆನ್ನಿಗೆ ಬರಬೇಕು. ಹೊಸಬರು ಅದನ್ನು ಎದೆಗೆ ಹಾಕಿಕೊಂಡು ಒದ್ದಾಡುವುದು ದೋಣಿಯ ನಿತ್ಯದ ಮನರಂಜನೆ.

ಭೂಪಟದಲ್ಲಿ ಉಷ್ಣವಲಯ ಎಂದಿದ್ದ ಮಾತ್ರಕ್ಕೆ ನಂಬುವಂತಿಲ್ಲ. ಸಮಭಾಜಕದ ಮೇಲೇ ಇರುವ ಗಲಾಪಗೋಸ್ ದ್ವೀಪಗಳ ಸುತ್ತ ತಣ್ಣನೆಯ ಪ್ರವಾಹಗಳು ಹರಿಯುತ್ತವೆ, ಅಲ್ಲಿಗೆ 5ರಿಂದ 7 ಮಿಲಿಮೀಟರ್ ಸೂಟು ಬೇಕು. ಬಾಲಿಯ ಪಕ್ಕದ ನೂಸಾ ಪೆನಿಡಾದಲ್ಲಿ ದೈತ್ಯ ಮೋಲಾ ಮೀನು ನೋಡಲು ಜನ ಸೇರುವ ತಿಂಗಳುಗಳಲ್ಲಿ ನೀರು 20 ಡಿಗ್ರಿಗಿಂತ ಕೆಳಗಿಳಿಯುವುದುಂಟು. ನಮ್ಮ ಪಶ್ಚಿಮ ಕರಾವಳಿಯಲ್ಲೂ ಮುಂಗಾರಿನ ಹೊತ್ತಿಗೆ ಆಳದ ತಣ್ಣೀರು ಮೇಲೆದ್ದು ಬರುತ್ತದೆ. ಹೊರಡುವ ಮುನ್ನ ಆ ತಿಂಗಳ, ಆ ಆಳದ ಉಷ್ಣತೆಯನ್ನೇ ವಿಚಾರಿಸುವುದು ಒಳ್ಳೆಯದು.

ಸೂಟಿಗೆ ಇನ್ನೂ ಎರಡು ಉಪಯೋಗಗಳಿವೆ. ಜೆಲ್ಲಿಫಿಶ್, ಬೆಂಕಿ ಹವಳಗಳ ಉರಿಯಿಂದ ಅದು ಚರ್ಮವನ್ನು ಕಾಪಾಡುತ್ತದೆ. ಮೈ ಮುಚ್ಚಿದಷ್ಟೂ ಸನ್‌ಸ್ಕ್ರೀನ್ ಕಡಿಮೆ ಸಾಕು. ಹವಳಕ್ಕೆ ಹಾನಿಯೆಂಬ ಕಾರಣಕ್ಕೆ ಹವಾಯಿಯಲ್ಲಿ 2021ರಿಂದ ಆಕ್ಸಿಬೆನ್ಜೋನ್ ಮತ್ತು ಆಕ್ಟಿನೊಕ್ಸೇಟ್ ಇರುವ ಸನ್‌ಸ್ಕ್ರೀನ್ ಮಾರಾಟವೇ ನಿಂತಿದೆ.

ಹೆಚ್ಚಿನವರು ಮರೆಯುವುದು ಎರಡು ಡೈವ್‌ಗಳ ನಡುವಿನ ಹೊತ್ತನ್ನು. ದೋಣಿ ಓಡುವಾಗ ಒದ್ದೆ ಸೂಟಿನ ಮೇಲೆ ಗಾಳಿ ಬೀಸಿ, ನೀರು ಆರುತ್ತಾ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಸೂಟನ್ನು ಸೊಂಟದವರೆಗೆ ಇಳಿಸಿ, ಮೈ ಒರೆಸಿ, ಗಾಳಿ ತಡೆಯುವ ಜಾಕೆಟ್ ತೊಟ್ಟರೆ ಮುಂದಿನ ಡೈವಿಗೆ ಶಾಖ ಉಳಿಯುತ್ತದೆ. ನೀರಿಗಿಳಿದಾಗ ಕೈಕಾಲಿನ ರಕ್ತ ಎದೆಯತ್ತ ಸರಿಯುವುದರಿಂದ ಮೂತ್ರ ಹೆಚ್ಚುತ್ತದೆ. ಅದಕ್ಕೆ ಅಂಜಿ ನೀರು ಕುಡಿಯದಿರುವುದು ತಪ್ಪು. ಬಾಟಲಿ ಖಾಲಿ ಮಾಡಿ, ದಡಕ್ಕೆ ಬಂದ ಮೇಲೆ ಸೂಟನ್ನು ಸಿಹಿನೀರಿನಲ್ಲಿ ಚೆನ್ನಾಗಿ ಜಾಲಾಡಿಸಿ, ಒಳಮಗ್ಗುಲು ಹೊರಮಾಡಿ ನೆರಳಲ್ಲಿ ಒಣಹಾಕಿದರಾಯಿತು.